ತಪ್ಪಿದ ಎಳೆ

ಇವತ್ತು ಮೊಮ್ಮಗಳ ನೆತ್ತಿಗೆ ಔಡಲೆಣ್ಣೆ ತಟ್ಟುತ್ತಿದ್ದೆ. ವಾಸನೆ ಮೂಗಿಗೆ ಹತ್ತಿದ್ದೇ ತಡ, ಕೈ ಇಲ್ಲೇ ಇತ್ತು, ನಾನು ಮುಂಬೈಯ ಆಸ್ಪತ್ರೆಯಲ್ಲಿದ್ದೆ. ನಮ್ಮ ವಯಸ್ಸಿಗೆ ಹೀಗೆ ತಿರುಗಾಡಲು ಬಸ್ಸು ಬೇಕಿಲ್ಲ.

ಎಂಬತ್ತನೇ ಇಸವಿಯ ಆಚೀಚಿನ ಮಾತು. ನಮ್ಮನೆಯವರು, ಅಂದರೆ ನನ್ನ ಗಂಡ, ಬೆಟಗೇರಿಯ ನೇಕಾರರು. ಸೀರೆಯ ದಡಿಗೆ, ಅಂದರೆ ಅಂಚಿಗೆ, ಎಷ್ಟು ಎಳೆ, ಯಾವುದು ಏಳಬೇಕು, ಯಾವುದು ಕೂರಬೇಕು, ಎಲ್ಲ ತಲೆಯಲ್ಲೇ. ಕಾಗದದ ಮೇಲೆ ಒಂದು ಗೆರೆಯೂ ಇರಲಿಲ್ಲ.

ಮುಂಬೈಯ ಆಸ್ಪತ್ರೆಯಲ್ಲಿ, ಅವರ ಎದೆಯ ದೊಡ್ಡ ರಕ್ತನಾಳ ಉಬ್ಬಿದೆ, ಅದನ್ನು ಕತ್ತರಿಸಿ ಆ ಜಾಗಕ್ಕೆ ಬಟ್ಟೆಯ ಕೊಳವೆ ಹೊಲಿಯಬೇಕು ಎಂದರು. ಅಲ್ಲಿದ್ದ, ನಮ್ಮ ಲಕ್ಷ್ಮೇಶ್ವರದ ಕಡೆಯ ಡಾಕ್ಟರೊಬ್ಬರು ಬಿಡಿಸಿ ಹೇಳಿದರು: "ನೋಡ್ರಿ ಅಕ್ಕಾರ, ಹೊಲಿಯೂತನಕ ಮೆದುಳಿಗೆ ರಕ್ತ ಹೋಗಂಗಿಲ್ಲ. ಅದಕ್ಕ ಮೈ ತಣ್ಣಗ ಮಾಡಿ, ತಲಿ ಸುತ್ತ ಐಸ್ ಇಡ್ತೀವಿ. ತಣ್ಣಗಿದ್ರ ಮೆದುಳಿಗೆ ಹಸಿವು ಕಡಿಮಿ. ಆದ್ರೂ ನೆನಪೆಲ್ಲಾ ಉಳಿತೈತಂತ ಬರದು ಕೊಡಾಕ ಆಗಂಗಿಲ್ಲ."

ನಮ್ಮನೆಯವರು ಕೇಳಿದ್ದು ಒಂದೇ: "ಆ ಕೊಳವಿ ನೇಯ್ದಾವರು ಯಾರ್ರಿ? ಬಿಗಿ ಐತಿಲ್ಲೋ?"

ನನಗೆ ತಿಳಿದದ್ದು, ತಲೆ ತಂಪಾಗಬೇಕು ಅಂತ. ಆಪರೇಷನ್ ದಿನ ಬೆಳಿಗ್ಗೆ ಅವರ ನೆತ್ತಿಗೆ ಅರ್ಧ ಬಾಟಲಿ ಔಡಲೆಣ್ಣೆ ತಿಕ್ಕಿಬಿಟ್ಟೆ. ನಗಬೇಡಿ, ನಮ್ಮಲ್ಲಿ ತಂಪು ಅಂದರೆ ಅದೇ. ನರ್ಸಮ್ಮ ಬಾಯಿಗೆ ಬಂದಂತೆ ಬೈದು ಎರಡು ಸಲ ತೊಳೆದಳು. ಡಾಕ್ಟರು ಮಾತ್ರ, "ಐಸ್ ಜಾರತೈತ್ರಿ ಅಕ್ಕಾರ" ಎಂದು ನಕ್ಕರು.

ಬೆಂಚಿನ ಮೇಲೆ ಕೂತಲ್ಲೇ ನನಗೆ ಮಂಪರು. ಹಿಮದ ನಡುವೆ ಒಂದು ಮಗ್ಗ. ನೇಯುವವರಿಲ್ಲ, ಎಳೆಗಳು ಉಸಿರು ಬಿಗಿಹಿಡಿದು ನಿಂತಿವೆ. ನಾನೇನು ಹಿಮ ಕಂಡವಳೇ? ಐಸ್ ಮಾರುವವನ ಗಾಡಿಯೊಳಗಿನದೇ ನನ್ನ ಹಿಮ.

ಮೂರನೇ ದಿನ ಕಣ್ಣು ಬಿಟ್ಟರು. ನನ್ನನ್ನು ನೋಡಿ, "ಯಾರ್ರಿ ನೀವು?" ಅಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಅಳು ಬರಲಿಲ್ಲ, ಸಿಟ್ಟು ಬಂತು. ಉಟ್ಟಿದ್ದ ಸೀರೆಯ ಸೆರಗನ್ನು ಅವರ ಕೈಗೆ ತುರುಕಿದೆ. ಬೆರಳು ದಡಿಯ ಮೇಲೆ ಹರಿದಾಡಿ ಒಂದು ಕಡೆ ನಿಂತಿತು.

"ಇಲ್ಲೊಂದು ಎಳಿ ತಪ್ಪೈತಿ."

"ಖರೆ."

"ಇದನ್ನ ನೇಯ್ದಾಕಿ ನನ್ನ ಹೇಣ್ತಿ. ಎಷ್ಟ ಹೇಳಿದ್ರೂ ಕೇಳಂಗಿಲ್ಲ."

"ಆಕಿನ ನಾನು."

ಎಳೆಯ ಮೇಲಿಂದ ಬೆರಳು ತೆಗೆಯದೆ ಮುಖ ನೋಡಿದರು. "ಹೌದಲೇ," ಅಂದರು.

ಮತ್ತೆ ಹತ್ತು ವರ್ಷ ನೇಯ್ದರು. ನಮ್ಮ ಮದುವೆಯ ದಿನ ಮಾತ್ರ ಅವರಿಗೆ ತಿರುಗಿ ಬರಲಿಲ್ಲ. ನಾನೇ ಹೇಳಿಕೊಟ್ಟೆ, ತುಸು ಚಂದ ಮಾಡಿ.

ತಪ್ಪು ನನ್ನದೆಂದು, ಆಸ್ಪತ್ರೆಯಿಂದ ಬಂದ ಮೇಲೆ ಆ ಸೀರೆಯನ್ನು ಯಾರಿಗೂ ತೋರಿಸಿರಲಿಲ್ಲ. ಇವತ್ತು ಕೈ ತೊಳೆದು, ಪೆಟ್ಟಿಗೆಯಿಂದ ತೆಗೆದು ಮೊಮ್ಮಗಳ ತೊಡೆಯ ಮೇಲೆ ಹಾಸಿ, ತಪ್ಪಿದ ಎಳೆಯ ಕಥೆ ಹೇಳಿದೆ.

"ತಪ್ಪು ಎಲ್ಲೈತಿ ಅಜ್ಜಿ? ಕಾಣವಲ್ದು."

"ಕಣ್ಣ ಮುಚ್ಚಿ ಹುಡುಕು," ಅಂದೆ.