ಆಲ್ಟರ್ನೇಟ್ ಐತಲ್ಲ

ಮಂಡಿಗೆ ಹಚ್ಚಿಕೊಳ್ಳುವ ಮುಲಾಮು ಮುಗಿದಿತ್ತು. ನಿನ್ನೆ ಹುಣಸೂರಿಗೆ ಹೋದವಳು ಔಷಧಿ ಅಂಗಡಿಯಲ್ಲಿ ಖಾಲಿ ಟ್ಯೂಬು ತೋರಿಸಿದೆ. ಅಂಗಡಿಯವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದು ಬತ್ತಾ ಇಲ್ಲ ಕಣಜ್ಜಿ, ಇದುಕ್ಕೆ ಆಲ್ಟರ್ನೇಟ್ ಕೊಡ್ತೀನಿ” ಎಂದಳು. ಕೊಟ್ಟಳು. ಮನೆಗೆ ಬಂದು ಹಚ್ಚಿಕೊಂಡರೆ ನಡುಮನೆಯೆಲ್ಲ ಹಲ್ಲುಜ್ಜುವ ಪೇಸ್ಟಿನ ವಾಸನೆ. ನೋವು ಇದ್ದ ಹಾಗೇ ಇದೆ, ತಣ್ಣಗಾಗಿದೆ ಅಷ್ಟೆ.

ಈ ಮಾತನ್ನು ನೀವೂ ಕೇಳಿಯೇ ಇರುತ್ತೀರಿ. ಈಗ ಇದನ್ನು ಆಡದ ಬಾಯಿ ಯಾವುದಿದೆ ಹೇಳಿ. ಬಸ್ಸು ಬರದಿದ್ದರೆ ಆಟೋ ಆಲ್ಟರ್ನೇಟ್. ಕರೆಂಟು ಹೋದರೆ ಬ್ಯಾಟರಿ ಆಲ್ಟರ್ನೇಟ್. ನಾನು ಗಾವಡಗೆರೆ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಕೂತು ಎದ್ದವಳು. ನನ್ನ ಕಿವಿಗೆ ಈ ಮಾತನ್ನು ಮೊದಲು ಹಾಕಿದವರು ಒಬ್ಬ ಆಫೀಸರು. ನಮ್ಮದು ಹೊಗೆಸೊಪ್ಪು ಬೆಳೆಯುವ ಸೀಮೆ. ಅವರು ಊರ ಮುಂದೆ ಜನ ಸೇರಿಸಿ, “ಹೊಗೆಸೊಪ್ಪು ಆರೋಗ್ಯಕ್ಕೆ ಕೆಟ್ಟದ್ದು, ಆಲ್ಟರ್ನೇಟ್ ಬೆಳೆ ಬೆಳೀರಿ” ಎಂದರು. ಏನು ಬೆಳೀಬೇಕು ಸ್ವಾಮಿ ಅಂದರೆ ಶುಂಠಿ ಎಂದರು. ಮಾರನೇ ವರ್ಷ ಇನ್ನೊಬ್ಬರು ಬಂದು ಶುಂಠಿ ಮಣ್ಣು ಕೆಡಿಸುತ್ತದೆ, ಅದಕ್ಕೊಂದು ಆಲ್ಟರ್ನೇಟ್ ನೋಡಿ ಎಂದರು. ಇಬ್ಬರೂ ಭಾಷಣ ಮುಗಿಸಿ ಜೀಪಿನ ಮರೆಗೆ ಹೋಗಿ ಸಿಗರೇಟು ಹಚ್ಚಿದರು. ಅದಕ್ಕೆ ಆಲ್ಟರ್ನೇಟ್ ಅವರಿಗೂ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ.

ಆಮೇಲೆ ಮಾತು ನಮ್ಮ ಅಡುಗೆಮನೆಗೆ ಬಂತು. ನನ್ನ ಸೊಸೆ ಜಯಮ್ಮ ಅವರೆಕಾಳು ತೀರಿದ ದಿನ ಸಾರಿಗೆ ಆಲೂಗಡ್ಡೆ ಹಾಕಿ, “ಆಲ್ಟರ್ನೇಟ್ ಕಣತ್ತೆ” ಎಂದು ಬಡಿಸಿದಳು.

“ಬದಲಿಗೆ ಅಂದ್ರೆ ನಾಲ್ಗೆ ಬಿದ್ದೋಯ್ತದಾ?” ಎಂದೆ.

“ಬದಲಿಗೆ ಅಂದ್ರೆ ಮನೇಲಿ ಇಲ್ದೆ ಮಾಡ್ದಂಗೆ ಕೇಳ್ತದೆ ಅತ್ತೆ. ಆಲ್ಟರ್ನೇಟ್ ಅಂದ್ರೆ ಯೋಚ್ನೆ ಮಾಡಿ ಮಾಡ್ದಂಗಿರ್ತದೆ” ಎಂದಳು.

ಜಯಮ್ಮ ದಡ್ಡಿಯಲ್ಲ. ಇಲ್ಲ ಅನ್ನುವುದನ್ನು ಇದೆ ಅನ್ನುವ ಹಾಗೆ ಹೇಳುವುದಕ್ಕೆ ಅದೊಂದು ಒಳ್ಳೆಯ ಮಾತು.

ಹಾಗೆ ನೋಡಿದರೆ ಇದು ನಮ್ಮ ಕಾಲದಲ್ಲಿ ಇರಲಿಲ್ಲವೇ? ಇತ್ತು. ಪೂಜೆಗೆ ಬಂದ ಅಯ್ಯನವರು ಪೀತಾಂಬರ ಇಲ್ಲವೇ, ಅಕ್ಷತೆ ಹಾಕು ಎನ್ನುತ್ತಿದ್ದರು. ಒಡವೆ ಇಲ್ಲವೇ, ಅಕ್ಷತೆ ಹಾಕು. ದೇವರು ಪಾಪ ನಾಲ್ಕು ಕಾಳು ಅಕ್ಕಿಯನ್ನೇ ಉಟ್ಟು ತೊಟ್ಟು ಸುಮ್ಮನಿದ್ದ. ಆದರೆ ಆ ಅಯ್ಯನವರು ತಮ್ಮ ದಕ್ಷಿಣೆಯ ಬದಲಿಗೆ ಅಕ್ಷತೆ ಈಸಿಕೊಂಡಿದ್ದನ್ನು ಮಾತ್ರ ನಾನು ನೋಡಿಲ್ಲ. ಬದಲಿ ಅನ್ನುವುದು ಯಾವತ್ತೂ ಬಾಯಿ ಇಲ್ಲದವರ ಪಾಲಿಗೇ ಬರುತ್ತದೆ.

ಸಾರಿಗೆ, ಮುಲಾಮಿಗೆ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಎರಡು ವರ್ಷದ ಹಿಂದೆ ಈ ಮಾತು ನಮ್ಮ ಜಗಲಿಗೆ ಬಂದು ಚಾಪೆ ಹಾಕಿಸಿಕೊಂಡು ಕೂತಿತು. ಅದನ್ನು ಹೇಳುತ್ತೇನೆ.

ನನ್ನ ಮಗ ಮಾದೇವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಪವಿತ್ರ, ಪಿರಿಯಾಪಟ್ಟಣದ ಒಂದು ಆಸ್ಪತ್ರೆಯಲ್ಲಿ ನರ್ಸು. ಚಿಕ್ಕವಳು ಚೈತ್ರ, ಆಗ ಹುಣಸೂರಿನ ಕಾಲೇಜಿನಲ್ಲಿ ಓದುತ್ತಿದ್ದಳು. ಪವಿತ್ರಳಿಗೆ ಸಾಲಿಗ್ರಾಮದ ಕಡೆಯ ಗಂಡು ಗೊತ್ತಾಗಿತ್ತು. ನಾಲೆ ಬಯಲಲ್ಲಿ ಗದ್ದೆ, ಪೇಟೆಯಲ್ಲಿ ಪಂಪುಸೆಟ್ಟಿನ ಅಂಗಡಿ. ಛತ್ರ ಗೊತ್ತು ಮಾಡಿ, ಅಡುಗೆಯವರಿಗೆ ವೀಳ್ಯ ಕೊಟ್ಟು, ಪತ್ರಿಕೆ ಅಚ್ಚು ಹಾಕಿಸಿ, ಮೊದಲನೆಯದನ್ನು ಮನೆದೇವರ ಮುಂದೆ ಇಟ್ಟು ಕೈಮುಗಿದೂ ಆಗಿತ್ತು. ಮದುವೆಗೆ ಹದಿನೈದು ದಿನ ಇದೆ ಅನ್ನುವಾಗ ಗಂಡು ಫೋನು ಮಾಡಿ, “ಮದ್ವೆ ಆದ್ಮೇಲೆ ಡ್ಯೂಟಿ ಬುಟ್ಬುಡು” ಎಂದನಂತೆ.

“ಡ್ಯೂಟಿ ಬಿಡಾಕಿಲ್ಲ, ನಿಮ್ಮನ್ನೇ ಬಿಡ್ತೀನಿ” ಎಂದಳಂತೆ ಇವಳು. ಬಿಟ್ಟಳು. ಮನೆಗೆ ಬಂದು ಹೇಳಿ, ಮಾರನೇ ದಿನ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಡ್ಯೂಟಿಗೆ ಹೋದಳು. ಮನೆಗೆ ಸಿಡಿಲು ಹೊಡೆದ ಹಾಗಾಯಿತು. ಮಾದೇವ ಎರಡು ದಿನ ಅನ್ನ ಮುಟ್ಟಲಿಲ್ಲ.

ಮೂರನೇ ದಿನ ಜಯಮ್ಮನ ತಮ್ಮ ಶಿವಣ್ಣ ಬಂದ. ಯಾರ ಮನೆಯ ತೊಂದರೆಯಾದರೂ ಸರಿ, ತಾನು ಮುಂದೆ ನಿಂತು ಬಿಡಿಸಬೇಕು ಅನ್ನುವ ಜಾತಿಯವನು. ಹುಡುಗನ ಅಪ್ಪ, ನಮ್ಮ ಆಗಬೇಕಾಗಿದ್ದ ಬೀಗರು, ಜೊತೆಯಲ್ಲೇ ಬಂದರು. ದಾರಿಯಲ್ಲೇ ಮಾತಾಡಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು.

“ಭಾವ, ಯಾಕಿಂಗೆ ತಲೆಮೇಲೆ ಕೈಹೊತ್ಕೊಂಡ್ ಕೂತಿದ್ದೀರಿ? ಆಲ್ಟರ್ನೇಟ್ ಐತಲ್ಲ ಮನೇಲೆ” ಎಂದ ಶಿವಣ್ಣ.

ಮಾದೇವ ತಲೆ ಎತ್ತಿದ.

“ಚಿಕ್ಕೋಳಿಲ್ವಾ? ಅದೇ ಮನೆ, ಅದೇ ಛತ್ರ, ಅದೇ ಮೂರ್ತ. ಜಾತ್ಕನೂ ನೋಡಿಸ್ದೆ, ದೊಡ್ಡೋಳಿಗಿಂತ ಚೆನ್ನಾಗಿ ಕೂಡ್ತದೆ.”

ಬೀಗರು ಎಲೆಗೆ ಸುಣ್ಣ ಸವರುತ್ತ, “ನಮ್ಗೇನು ಅಭ್ಯಂತರ ಇಲ್ಲ. ನಿಮ್ಮನೆ ಹೆಣ್ಣು ನಮ್ಮನೆಗೆ ಬರ್ಬೇಕು ಅನ್ನೋದೊಂದೇ” ಎಂದರು. ದೊಡ್ಡ ಮನಸ್ಸು.

“ಪತ್ರಿಕೆ ಹಂಚಾಗದೆಯಲ್ಲೋ” ಎಂದ ಮಾದೇವ. ನನ್ನ ಮಗನಿಗೆ ಅಡ್ಡ ಬಂದದ್ದು ಪತ್ರಿಕೆ ನೋಡಿ.

ಶಿವಣ್ಣ ಜೇಬಿಗೆ ಕೈಹಾಕಿ ಒಂದು ಹಾಳೆ ತೆಗೆದು ಮಾದೇವನ ಕೈಗೆ ಕೊಟ್ಟ. ಸ್ಟಿಕ್ಕರು ಆಗಲೇ ಮಾಡಿಸಿಕೊಂಡು ಬಂದಿದ್ದ! “ಅರ್ಧಕ್ಕರ್ಧ ಇನ್ನೂ ಮನೇಲೇ ಅವೆ. ಎರಡು ಹೆಸ್ರೂ ಮುಗಿಯೋದು ‘ತ್ರ’ದಲ್ಲೇ. ‘ಪವಿ’ ಮೇಲೆ ‘ಚೈ’ ಅಂಟಿಸುದ್ರೆ ಆಯ್ತು. ಯಾರ್ಗೂ ಗೊತ್ತಾಗಕಿಲ್ಲ.”

ಮನೆದೇವರ ಮುಂದೆ ಇಟ್ಟಿದ್ದ ಪತ್ರಿಕೆಗೂ ಒಂದು ಅಂಟಿಸುತ್ತಾನೋ ಏನೋ, ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಒಳಗೆ ಕಣ್ಣು ಹೋಯಿತು. ನಡುಮನೆಯಲ್ಲಿ ಜಯಮ್ಮ ಪವಿತ್ರಳ ಮದುವೆ ರವಿಕೆಯನ್ನು ಚೈತ್ರಳ ಬೆನ್ನಿಗೆ ಹಿಡಿದು ನೋಡುತ್ತಿದ್ದಳು. “ಎರಡು ಪಕ್ಕ ಒಂದಿಷ್ಟು ಇಡ್ದು ಒಲುದ್ರೆ ಸರಿಯೋಯ್ತದೆ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹುಡುಗಿ ಎರಡು ಕೈಯನ್ನೂ ಅಗಲಿಸಿಕೊಂಡು ಗೋಡೆ ನೋಡುತ್ತ ನಿಂತಿತ್ತು. ಕಾಲೇಜಿನ ಚೀಲ ಇನ್ನೂ ಹೆಗಲಲ್ಲೇ ಇತ್ತು.

ನಾನೂ ಒಂದು ಕಾಲಕ್ಕೆ ಹಾಗೇ ನಿಂತಿದ್ದೆ. ನನಗಾಗ ಹದಿನೈದು. ನಮ್ಮಕ್ಕ ಕೆಂಪಮ್ಮ ಈ ಮನೆಯ ಸೊಸೆಯಾಗಿದ್ದಳು. ಗಂಡುಮಗು ಹೆತ್ತು ಒಂಬತ್ತನೇ ದಿನಕ್ಕೆ ತೀರಿಕೊಂಡಳು. ತಿಂಗಳು ಕಳೆದ ಮೇಲೆ ಗಂಡಸರು ನಮ್ಮಪ್ಪನ ಜಗಲಿಯಲ್ಲಿ ಕೂತು ಮಾತಾಡಿದರು. ನಾನು ಒಳಗೆ ರಾಗಿ ಕೇರುತ್ತಿದ್ದೆ. ಅವರು ಎದ್ದು ಹೋದ ಮೇಲೆ ಅವ್ವ ಬಂದು, “ನಾಳೆ ತಲೆಗೆ ನೀರು ಹಾಕ್ಕೊ” ಎಂದಳು. ನನ್ನ ಮದುವೆಯ ವಿಚಾರ ನನಗೆ ತಿಳಿದದ್ದು ಹಾಗೆ. ಅಕ್ಕನ ರವಿಕೆಯನ್ನೇ ಎರಡು ಪಕ್ಕ ಹಿಡಿದು ಹೊಲಿದರು. ಅಕ್ಕನ ಗಂಡ ನನ್ನ ಗಂಡನಾದ, ಅಕ್ಕನ ಒಲೆ ನನ್ನ ಒಲೆಯಾಯಿತು. ಅತ್ತೆ ನಾಲಗೆ ತಿರುಗದೆ ನನ್ನನ್ನೂ ಕೆಂಪಿ ಎಂದೇ ಕರೆದರು, ಸಾಯುವ ತನಕ. ನಾನೂ ಓಗೊಟ್ಟೆ. ಆಗ ಸ್ಟಿಕ್ಕರ್ ಇರಲಿಲ್ಲ, ಬಾಯಲ್ಲೇ ಅಂಟಿಸುತ್ತಿದ್ದರು.

ಆ ಮಗು ಯಾರು ಅಂತೀರಾ? ಮಾದೇವನೇ. ಜಗಲಿಯಲ್ಲಿ ಸ್ಟಿಕ್ಕರ್ ಹಾಳೆ ಹಿಡಿದುಕೊಂಡು ಕೂತಿದ್ದನಲ್ಲ, ಅವನೇ.

ನಾನು ಹೊರಗೆ ಬಂದು ಕಂಬಕ್ಕೆ ಒರಗಿ ಕೂತೆ. “ಬೀಗ್ರೇ, ಒಂದು ಮಾತು ಕೇಳ್ತೀನಿ. ನಮ್ಮ ಕಡೆ ಹೆಣ್ಣಲ್ಲೇನೂ ಕೊರತೆ ಇಲ್ಲ, ದೊಡ್ಡೋಳು ಒಪ್ದೆ ಇರೋದು ಗಂಡನ್ನ. ಗಂಡಿಗೇನಾದ್ರೂ ಆಲ್ಟರ್ನೇಟ್ ಇಟ್ಟಿದ್ದೀರಾ?”

“ಏನಂದ್ರಿ ಅಜ್ಜಮ್ಮ?”

“ಹೆಂಡ್ತೀನ ಡ್ಯೂಟಿಗೆ ಕಳ್ಸೋ ಅಂತಾ ಇನ್ನೊಬ್ಬ ಮಗ ಇದ್ರೆ ತತ್ತನ್ನಿ. ಪತ್ರಿಕೇಲಿ ಅವನೆಸ್ರುಗೂ ಒಂದು ಸ್ಟಿಕ್ಕರ್ ಒಡ್ಸಾನ. ಶಿವಣ್ಣ ಮಾಡಿಸ್ಕೊಡ್ತಾನೆ.”

ಬೀಗರ ಮುಖ ಎಲೆಯಡಿಕೆಗಿಂತ ಕೆಂಪಾಯಿತು. “ಗಂಡು ಅಂದ್ರೆ ಏನು ಲಾರಿ ಟೈರಾ, ಅದು ಬ್ಯಾಡ ಇದು ತತ್ತಾ ಅನ್ನಕೆ?”

“ನಾನೂ ಅದ್ನೇ ಕೇಳಕೆ ಬಂದೆ” ಎಂದೆ.

ಮಾದೇವನಿಗೆ ಎಲ್ಲಿತ್ತೋ ಸಿಟ್ಟು. ಎದ್ದು ನಿಂತ. “ಅವ್ವ, ಬಾಯ್ಮುಚ್ಕೊಂಡಿರು. ಮರ್ವಾದೆ ಓಯ್ತಾ ಅದೆ ನಂದು. ನೀನೂ ಅಂಗೇ ಬಂದೋಳಲ್ವಾ? ನಮ್ಮವ್ವನ ಬದ್ಲಿಗೆ? ಏನಾಯ್ತೀಗ? ಚೆಂದಾಗಿ ಬಾಳ್ನಿಲ್ವಾ?”

ನಾನು ಇವನನ್ನು ಸಾಕಿದ್ದು ಹೇಗೆ ಅಂತ ಊರಿಗೇ ಗೊತ್ತು. ಹೌದಪ್ಪ, ಚೆನ್ನಾಗಿ ಬಾಳಿದೆ ಅಂದುಬಿಟ್ಟರೆ ಮಗನ ಮನಸ್ಸು ಉಳಿಯುತ್ತದೆ, ಒಳಗೆ ನಿಂತಿರುವ ಹುಡುಗಿ ಹೋಗುತ್ತದೆ. ಇಲ್ಲ ಅಂದರೆ ಹುಡುಗಿ ಉಳಿಯುತ್ತದೆ. ಇವನೋ, ನಮ್ಮವ್ವನಿಗೆ ನಾನು ಬೇಡವಾಗಿದ್ದೆ ಅಂತ ಈ ವಯಸ್ಸಿನಲ್ಲಿ ತಿಳಿದುಕೊಳ್ಳುತ್ತಾನೆ.

ಕುತ್ತಿಗೆಯ ಕರಿದಾರವನ್ನು ಈಚೆಗೆ ಎಳೆದು ತೋರಿಸಿದೆ. ಅದರಲ್ಲಿ ಬಟಾಣಿ ಕಾಳಿನಷ್ಟು ಅಗಲದ ಒಂದು ಬಿಲ್ಲೆ ಇದೆ. ಸವತಿ ತಾಳಿ ಅನ್ನುತ್ತಾರೆ. ಎರಡನೆಯವಳಾಗಿ ಬಂದವಳು ಸತ್ತ ಮೊದಲನೆಯವಳ ಹೆಸರಿನಲ್ಲಿ ಇದನ್ನೂ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಅವಳು ಬಂದು ಕಾಡುತ್ತಾಳಂತೆ. ನಮ್ಮ ಯಜಮಾನರು ಹೋದ ದಿನ ನನ್ನ ತಾಳಿ ತೆಗೆದರು. ಇದನ್ನು ತೆಗೆಯಬೇಕೋ ಬೇಡವೋ ಅಂತ ನೆರೆದಿದ್ದ ಹೆಂಗಸರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಾಗೇ ಉಳಿಯಿತು.

“ಇದು ನಿಮ್ಮವ್ವಂದು ಕಣ್ಲಾ ಮಾದೇವ. ನಾ ಬಾಳಿದ್ದು ಅವಳ ಬಾಳು. ಚೆಂದಾಗೇ ಬಾಳ್ದೆ. ಆದ್ರೆ ನನ್ನ ಯಾರೂ ಕೇಳ್ನಿಲ್ಲ. ನಿಮ್ಮಪ್ಪ ಕೇಳ್ನಿಲ್ಲ, ನಮ್ಮಪ್ಪ ಕೇಳ್ನಿಲ್ಲ.”

ಅವನು ಕೂತುಬಿಟ್ಟ. ನಾನು ಒಳಗಿನ ಕಡೆ ತಿರುಗಿ ಕೂಗಿದೆ. “ಚೈತ್ರಾ, ನಿನ್ನ ಯಾರಾದ್ರೂ ಕೇಳುದ್ರೇನೇ?”

“ಇಲ್ಲಜ್ಜಿ.”

“ಈಗ ನಾನು ಕೇಳ್ತೀನಿ. ಏನಂತೀಯ?”

ಹುಡುಗಿ ಬಾಗಿಲಿಗೆ ಬಂತು. ರವಿಕೆಯ ಒಂದು ತೋಳು ಇನ್ನೂ ಹೆಗಲ ಮೇಲೆ ಜೋತಾಡುತ್ತಿತ್ತು. ಅಪ್ಪನ ಮುಖ ನೋಡಿತು, ಅಪ್ಪನ ಕೈಲಿದ್ದ ಹಾಳೆ ನೋಡಿತು.

“ನಂಗೆ ಪರೀಕ್ಷೆ ಅದೆ” ಎಂದಿತು. ಆಮೇಲೆ, “ಪರೀಕ್ಷೆ ಇಲ್ದಿದ್ರೂ ಬ್ಯಾಡ” ಎಂದಿತು.

ಬೀಗರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಗೇಟಿನ ಹತ್ತಿರ ನಿಂತು, “ಈ ಮನೇಲಿ ಮುದುಕೀರದ್ದೇ ಯಜಮಾನ್ಕೆ ಅಂತ ಮೊದ್ಲೇ ಏಳ್ಬೇಕಿತ್ತು” ಎಂದರು. ಅವರ ಮಗನಿಗೆ ಅದೇ ಮುಹೂರ್ತಕ್ಕೆ ಕೆ.ಆರ್. ನಗರದ ಹತ್ತಿರ ಇನ್ನೊಂದು ಹೆಣ್ಣು ಸಿಕ್ಕಿತಂತೆ. ಆ ಹೆಣ್ಣಿನ ಹೆಸರು ಯಾವ ಅಕ್ಷರದಲ್ಲಿ ಮುಗಿಯುತ್ತದೋ ನನಗೆ ಗೊತ್ತಿಲ್ಲ. ಪವಿತ್ರ ಸಂಜೆ ಡ್ಯೂಟಿ ಮುಗಿಸಿ ಬಂದು ನಡೆದದ್ದನ್ನೆಲ್ಲ ಕೇಳಿ, ತಂಗಿಯ ಪಕ್ಕದಲ್ಲಿ ಕೂತು ತಾನೇ ಅತ್ತಳು. ಚೈತ್ರ ಅಳಲಿಲ್ಲ.

ಮಾದೇವ ನನ್ನ ಜೊತೆ ಮಾತು ಬಿಟ್ಟ. ಜಗಳವಿಲ್ಲ, ಕೂಗಾಟವಿಲ್ಲ. “ನಿಮ್ಮತ್ತೆಗೆ ಏಳು, ಕೋಳಿ ಕೂಡಾಕ್ಲಿ” ಎಂದು ನನ್ನೆದುರೇ ಜಯಮ್ಮನಿಗೆ ಹೇಳುತ್ತಿದ್ದ. ಅವನ ಮಾತಿಗೆ ಜಯಮ್ಮ ಆಲ್ಟರ್ನೇಟ್. ಅವಳು ಪಾಪ ಇಬ್ಬರ ಮಾತನ್ನೂ ಹೊತ್ತು ಹೊತ್ತು ಸೋತು, “ಇಬ್ರೂ ಒಂದೇ ಕ್ವಾಣೇಲಿ ಕೂತು ನನ್ನ ಯಾಕ್ ಸಾಯಿಸ್ತೀರಿ” ಎನ್ನುವಳು. ಹೀಗೆ ಎರಡು ಹೊಗೆಸೊಪ್ಪಿನ ಬೆಳೆ ಕಳೆದವು.

ಮೊನ್ನೆ ಭಾನುವಾರ ಎಚ್.ಡಿ. ಕೋಟೆ ಕಡೆಯವರು ಯಾರೋ ಫೋನು ಮಾಡಿ ಚೈತ್ರಳನ್ನು ಕೇಳಿದರು. “ಅವಳನ್ನೇ ಕೇಳಿ ಏಳ್ತೀನಿ” ಎಂದ ಮಾದೇವ, ನನ್ನ ಕಿವಿಗೂ ಬೀಳಲಿ ಅನ್ನುವಷ್ಟು ಗಟ್ಟಿಯಾಗಿ. ಕೇಳಿದ. ಅವಳು ಓದುತ್ತಿದ್ದ ಕಡೆಯಿಂದಲೇ “ಈಗ್ಲೇ ಬ್ಯಾಡ ಅಪ್ಪಾಜಿ” ಎಂದಳು. ಹತ್ತು ಗಂಡಸರು ಎಲೆಯಡಿಕೆ ಹಾಕಿಕೊಂಡು ಮಾಡುವ ಕೆಲಸ ಒಂದು ಮಾತಿಗೆ ಮುಗಿಯಿತು.

ಆಮೇಲೆ ಅವನು ಬಂದು ನನ್ನ ಮಂಚದ ಕಾಲಿನ ಹತ್ತಿರ ನೆಲಕ್ಕೆ ಕೂತ. ತಲೆಯೆಲ್ಲ ನರೆತಿದೆ ಅವನಿಗೆ.

“ಅವ್ವ, ಅವತ್ತು ನಿನ್ನ ಕೇಳಿದ್ದಿದ್ರೆ ಏನಂತಿದ್ದೆ?”

ಸುಳ್ಳು ಹೇಳಬಹುದಿತ್ತು. ಯಾರಿಗೂ ನಷ್ಟವಿರಲಿಲ್ಲ.

“ಬ್ಯಾಡ ಅಂತಿದ್ದೆ” ಎಂದೆ.

ಅವನು ನೆಲ ನೋಡುತ್ತ, “ಅಂಗಾದ್ರೆ ನಾನು?” ಎಂದ.

“ನಿಂದು ಬ್ಯಾರೆ ಕಣ್ಲಾ. ನಾ ಹೊಸ್ಲು ದಾಟುವಾಗ ನೀನು ತೊಟ್ಲಲ್ಲಿ ಕಿರುಚ್ಕೊಂಡು ಬಿದ್ದಿದ್ದೆ. ಆರತಿ ಎತ್ತೋರು ಇನ್ನೂ ತಟ್ಟೆ ಉಡುಕ್ತಿದ್ರು. ಓಗಿ ಎತ್ಕೊಂಡೆ. ಅದುಕ್ಕೂ ಯಾರಾದ್ರೂ ಬಂದು ಕೇಳ್ಲಿ ಅಂತ ಕಾಯ್ಕೊಂಡ್ ನಿಂತ್ಕಳಾಕಾಯ್ತದಾ?”

ಜಯಮ್ಮ ಊಟಕ್ಕೆ ಎರಡು ಸಲ ಕರೆದಳು. ಅವನು ಏಳಲಿಲ್ಲ.