ಕೊಟ್ರಣ್ಣನ ಸಮುದ್ರ

ಕೊಟ್ರಣ್ಣ ಸಮುದ್ರವನ್ನು ನಾಲಿಗೆಯಿಂದ ಅಳೆಯುತ್ತಿದ್ದ. ಬೆರಳು ಅದ್ದುವುದು, ನೆಕ್ಕುವುದು, ಕಣ್ಣು ಮುಚ್ಚಿ ತಲೆಯಾಡಿಸುವುದು. "ಉಪ್ಪು ಏರೈತಿ ನೋಡಲೇ, ಒಂದು ಮಗ್ ಸಿಹಿನೀರು ಹಾಕು," ಅನ್ನುತ್ತಿದ್ದ. ಕೊಟ್ಟೂರಿನ ಬಜಾರದಲ್ಲಿ ಸ್ಟೀಲು ಪಾತ್ರೆ ಮಾರುತ್ತಿದ್ದ ಈ ಮನುಷ್ಯ ಹುಟ್ಟಿದ ಮೇಲೆ ಸಮುದ್ರ ಕಂಡವನೇ ಅಲ್ಲ. ಅವನ ಅಂಗಡಿಯ ಎದುರಿಗೆ ನನ್ನ ಫೋಟೋ ಸ್ಟುಡಿಯೋ. ಸಂಜೆ ವ್ಯಾಪಾರ ಇಳಿದ ಮೇಲೆ ಬಂದು, ನನ್ನೆದುರು ಕೂತು, ಚಹಾ ಕುಡಿಯುತ್ತ ಊರಿನ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದ. ಆ ಹೊತ್ತಿಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ. ಗೆಳೆಯ ಅಂತ ನನಗಿದ್ದವನು ಅವನೊಬ್ಬನೇ.

ಮಾಲು ತರಲು ಹುಬ್ಬಳ್ಳಿಗೆ ಹೋದವನು ಅಲ್ಲೊಂದು ಹೋಟೆಲಿನಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ನೋಡಿ ಬಂದ. ಬಂದವನಿಗೆ ಅದರದೇ ಹುಚ್ಚು. ಅದಕ್ಕೆ ಬೀಳುವ ಖರ್ಚು ಕೇಳಿದ ಮೇಲೂ ಹುಚ್ಚು ಇಳಿಯಲಿಲ್ಲ. ಅಂಗಡಿಯ ಹಳೆಯ ಶೋಕೇಸಿನ ಗಾಜು ಬಿಚ್ಚಿಸಿ, ಕಿಟಕಿಗೆ ಗಾಜು ಕೂರಿಸುವವನ ಕೈಯಲ್ಲಿ ಅಂಟು ಹಾಕಿಸಿ, ತೊಟ್ಟಿ ಮಾಡಿಸಿ ಮನೆಯ ಪಡಸಾಲೆಯಲ್ಲಿ ಇಟ್ಟ. ಇನ್ನು ನೀರಿನ ಮಾತು.

"ಸಮುದ್ರಕ್ಕ ಯಾಕ ಹೋಗಬೇಕು? ನಮ್ಮ ಬೋರಿನ ನೀರು ಮೊದ್ಲೇ ಸವಳು. ಅರ್ಧ ಸಮುದ್ರ ಮನ್ಯಾಗ ಐತಿ. ಉಳಿದರ್ಧಕ್ಕ ಕಲ್ಲುಪ್ಪು ಹಾಕಿದ್ರಾತು," ಎಂದ.

ಬೋರಿನ ನೀರಿಗೆ ಬೇಳೆ ಬೇಯುವುದಿಲ್ಲವೆಂದು ದಿನವೂ ಹೆಂಡತಿಯಿಂದ ಬೈಸಿಕೊಳ್ಳುವ ನಮ್ಮ ಸೀಮೆಯವರಿಗಷ್ಟೇ ಹೊಳೆಯುವ ಉಪಾಯ ಇದು. ಹುಬ್ಬಳ್ಳಿಯಿಂದ ತಂದ ಜೋಡಿ ಮೀನು ಮರುದಿನವೇ ಮೇಲೆ ತೇಲಿದವು. ಕೊಟ್ರಣ್ಣ ಆ ದಿನ ಅಂಗಡಿ ತೆಗೆಯಲಿಲ್ಲ. ಸಂಜೆ ಬಂದು ನನ್ನ ಮುಖ ನೋಡುತ್ತ ಬಹಳ ಹೊತ್ತು ದುಃಖ ತೋಡಿಕೊಂಡ. ಅವನಿಗೆ ನಾನೇ ಬೇಕಾದೆನಲ್ಲ ಎಂದು ನನಗೆ ಒಳಗೊಳಗೇ ಹಿತವಾಗಿತ್ತು.

ಅದು ಸಂಡೂರಿನ ಅದಿರಿನ ಲಾರಿಗಳು ಹಗಲು ರಾತ್ರಿ ಕರಾವಳಿಯ ಬಂದರಿಗೆ ಓಡುತ್ತಿದ್ದ ಕಾಲ. ಹೋಗುವಾಗ ಭರ್ತಿ, ಬರುವಾಗ ಖಾಲಿ. ಹಗರಿಬೊಮ್ಮನಹಳ್ಳಿಯ ಡ್ರೈವರ್ ಒಬ್ಬ ಮಗಳ ಮದುವೆಯ ಪಾತ್ರೆಗಳನ್ನು ಕೊಟ್ರಣ್ಣನ ಅಂಗಡಿಯಲ್ಲೇ ಕೊಂಡಿದ್ದ. ಕೊಟ್ರಣ್ಣ ಅವನ ಬೆನ್ನು ಬಿದ್ದ. ಒಂದು ಮುಂಜಾನೆ ಲಾರಿ ಬಂದು ನಿಂತಿತು. ಡ್ರೈವರ್ ಕ್ಯಾಬಿನ್ನಿನಿಂದ ಕತ್ತು ಹೊರಗೆ ಹಾಕಿ, "ಸಮುದ್ರ ತಂದೀನ್ರಿ ಅಣ್ಣಾರ, ಎಲ್ಲಿ ಇಳಸ್ಲಿ?" ಎಂದ. ತೊಳೆದ ಎಣ್ಣೆ ಕ್ಯಾನುಗಳ ತುಂಬ ಸಮುದ್ರ. ಓಣಿಯವರೆಲ್ಲ ಬೆರಳದ್ದಿ ನೆಕ್ಕಿ ನೋಡಿದರು.

ಈ ಸಲ ಅವನು ಅವಸರ ಮಾಡಲಿಲ್ಲ. ನೀರು ತುಂಬಿಸಿ, ಅದಕ್ಕೆ ಗಾಳಿ ಊದುವ ಮೋಟಾರು ಹಚ್ಚಿ, ಮೀನೇ ಇಲ್ಲದ ತೊಟ್ಟಿಯ ಮುಂದೆ ವಾರಗಟ್ಟಲೆ ಕೂತ. ನಕ್ಕವರಿಗೆ, "ನೀರು ಮಾಗಬೇಕ್ರಿ, ಉಪ್ಪಿನಕಾಯಿ ಮಾಗಿದಂಗ," ಎಂದು ಉತ್ತರ. ಕರೆಂಟು ಹೋದಾಗ ಮಗ್ಗಿನಲ್ಲಿ ನೀರೆತ್ತಿ ಎತ್ತಿ ಸುರಿಯುತ್ತಿದ್ದ. ಮಗ್ಗೂ ಪ್ಲಾಸ್ಟಿಕ್ಕಿನದು. "ಉಪ್ಪುನೀರಿಗೆ ನನ್ನ ಸ್ಟೀಲು ತಡಿಯಂಗಿಲ್ಲ. ಯಾರ ಮುಂದೂ ಹೇಳಬ್ಯಾಡ," ಎಂದು ನನ್ನ ಕಿವಿಯಲ್ಲಿ ಹೇಳಿದ್ದ.

ಆಮೇಲೆ ತಂದ ಮೀನು ಉಳಿಯಿತು. ಕಿತ್ತಳೆ ಬಣ್ಣದ ಮೈ, ಬಿಳಿ ಪಟ್ಟೆ, ಹೆಬ್ಬೆರಳಿನಷ್ಟು ಗಾತ್ರ. ಕೊಟ್ರಣ್ಣ ಹಾಕಿದ ಮಂಡಕ್ಕಿ ಪುಡಿ, ಶೇಂಗಾ ಪುಡಿಯನ್ನು ಅದು ಮೂಸಿಯೂ ನೋಡಲಿಲ್ಲ. ಅದಕ್ಕೆ ಒಣ ಸೀಗಡಿಯೇ ಬೇಕು ಎಂದು ಗೊತ್ತಾದಾಗ, ಲಿಂಗಪೂಜೆಯಾಗದೆ ನೀರೂ ಕುಡಿಯದ ಅವನ ತಾಯಿ ಗೌರಮ್ಮ ಬಾಗಿಲಿಗೆ ಅಡ್ಡ ನಿಂತರು. "ಸೀಗಡಿ ಒಳಗ ಬಂದ್ರ ನಾ ಹೊರಗ ಹೊಕ್ಕೀನಿ. ಯಾವ್ದು ಬೇಕು ನೋಡ್ಕೊ." ಹೀಗೆ ತೊಟ್ಟಿ ನನ್ನ ಸ್ಟುಡಿಯೋಕ್ಕೆ ಬಂತು. ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ನನಗೆ ಆ ಮಡಿಯೆಲ್ಲ ಇರಲಿಲ್ಲ. ಸೀಗಡಿ ಪುಡಿ ಮಾಡಿ ಹಾಕುವ ಕೆಲಸವೂ ನನಗೇ ಗಂಟುಬಿತ್ತು.

ಅಂದಿನಿಂದ ನನ್ನ ಹೊಟ್ಟೆಯುರಿ ಸುರುವಾಯಿತು. ಜಾಗ ನನ್ನದು, ಕರೆಂಟು ನನ್ನದು, ಸೀಗಡಿ ನಾರುವ ಕೈ ನನ್ನದು. ಮೀನು ಓಡಿ ಬರುತ್ತಿದ್ದುದು ಮಾತ್ರ ಕೊಟ್ರಣ್ಣನ ಬೆರಳಿಗೆ. ಜನ ನನ್ನ ಸ್ಟುಡಿಯೋವನ್ನು 'ಮೀನಿನ ಕೊಟ್ರಣ್ಣನ ಸ್ಟುಡಿಯೋ' ಅನ್ನತೊಡಗಿದರು. ಅದನ್ನೂ ನುಂಗಿಕೊಂಡೇನು. ನುಂಗಲಾಗದ್ದು ಇನ್ನೊಂದಿತ್ತು. ಸಂಜೆ ಬಂದವನು ಈಗ ನನಗೆ ಬೆನ್ನು ಹಾಕಿ, ಕುರ್ಚಿಯನ್ನು ತೊಟ್ಟಿಯ ಕಡೆಗೆ ತಿರುಗಿಸಿ ಕೂರುತ್ತಿದ್ದ. "ಏನವ್ವಾ, ಉಂಡೇನು?" ಎಂದು ಸುರು ಮಾಡಿ, ದನಿ ತಗ್ಗಿಸಿ, ಏನೇನೋ ಹೇಳಿಕೊಳ್ಳುತ್ತಿದ್ದ. ನಾನು ಮೂಲೆಯಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ, ಬೇಕೆಂತಲೇ ಕತ್ತರಿಯ ಸದ್ದು ಜೋರು ಮಾಡುತ್ತಿದ್ದೆ. ಅವನ ಒಂದು ಮಾತೂ ನನ್ನ ಕಿವಿಗೆ ಬೀಳಬಾರದು ಎಂಬ ಹಟ. ನನ್ನ ಹೆಂಡತಿ ನಗುತ್ತಿದ್ದಳು: "ಸವತಿ ಬಂದಾಳ ನಿಮಗ."

ವರ್ಷಗಳು ಹೀಗೇ ಕಳೆದವು. ಒಂದು ಸಂಜೆ ಕೊಟ್ರಣ್ಣ ಬಂದಾಗ ಅವನ ಮುಖ ಬಾತಿತ್ತು, ಕಾಲಿನ ಚಪ್ಪಲಿ ಬಿಗಿಯಾಗಿತ್ತು. ಅಂದು ಅವನು ತೊಟ್ಟಿಯ ಕಡೆ ಹೋಗಲಿಲ್ಲ.

"ನಾಳೆ ದಾವಣಗೆರಿಗೆ ಹೊಂಟೀನಿ ಬೀರಾ. ಕಿಡ್ನಿ ಕೆಟ್ಟಾವ, ವಾರವಾರ ರಕ್ತ ತೊಳಸಬೇಕಂತ. ಇನ್ನ ಅಲ್ಲೇ ತಂಗಿ ಮನ್ಯಾಗ ಇರೋದು."

ನಾನು ಕತ್ತರಿ ಕೆಳಗಿಟ್ಟೆ. "ಇದು ಯಾವಾಗಿಂದ? ನನಗ ಯಾಕ ಹೇಳಲಿಲ್ಲ?"

"ಹೇಳೀನಲ್ಲೋ. ದಿನಾ ಹೇಳೀನಿ."

"ಮೀನಿಗೆ ಹೇಳಿದಿ ನೀನು," ಎಂದೆ. ಇಷ್ಟು ವರ್ಷದ ಸಿಟ್ಟೆಲ್ಲ ಆ ಮಾತಿನಲ್ಲಿ ಹೊರಗೆ ಬಂತು.

ಅವನು ನಕ್ಕ. "ಅದಕ್ಕೇನು ತಿಳಿತೈತಲೇ. ಇಂಥಾವು ನಿನ್ನ ಮುಖ ನೋಡಿ ಹೇಳಾಕ ಬಾಯಿ ಬರ್ತಿರಲಿಲ್ಲ. ಹಿಂದ ಕುಂತು ನೀ ಕೇಳಾಕತ್ತೀ ಅಂತನ ಅಷ್ಟೂ ಹೇಳಿದೆ."

ಮರುದಿನ ಬಸ್ಸು ಹತ್ತಿ ಹೋದವನು ತಿರುಗಿ ಬರಲಿಲ್ಲ, ಅಲ್ಲೇ ತೀರಿಕೊಂಡ. ಅವನು ಆ ಸಂಜೆಗಳಲ್ಲಿ ಏನೇನು ಹೇಳಿದ್ದ, ಯಾವುದಕ್ಕೆ ಹೆದರಿದ್ದ, ನನ್ನಿಂದ ಏನಾದರೂ ಕೇಳಿದ್ದನೇ ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ಕೂತಿದ್ದೇನೆ. ಒಂದು ಮಾತೂ ಸಿಕ್ಕಿಲ್ಲ. ಅದನ್ನೆಲ್ಲ ಕೇಳಿಸಿಕೊಂಡದ್ದು ಆ ಮೀನೊಂದೇ. ಅದರ ಮೇಲಿನ ನನ್ನ ಹೊಟ್ಟೆಕಿಚ್ಚು ಇವತ್ತಿಗೂ ಆರಿಲ್ಲ.