ಒಳಗಿನ ಒಲೆಯ ಮೇಲೆ ಸೀಗಡಿ

ಮಜ್ಜಿಗೆ ಹುಲ್ಲನ್ನು ನೀವು ಯಾವತ್ತಾದರೂ ಗುಂಡುಕಲ್ಲಿನಿಂದ ಜಜ್ಜಿದ್ದೀರಾ? ಜಜ್ಜಿ ನೋಡಿ. ನಿಂಬೆಹಣ್ಣೇ ಹುಲ್ಲಾಗಿ ಬೆಳೆದಂತೆ ಘಮ್ಮೆನ್ನುತ್ತದೆ. ಇವತ್ತು ಬೆಳಿಗ್ಗೆ ಹಿರೇಕೆರೂರಿನ ನಮ್ಮ ಅಡುಗೆಮನೆಯಲ್ಲಿ ಆ ವಾಸನೆ ಎದ್ದಾಗ ಇನ್ನೊಂದು ದಂಟು ಇಟ್ಟು ಜಜ್ಜಿದೆ. ಹೆದರಿಕೆಗೋ ಹುರುಪಿಗೋ ತಿಳಿಯಲಿಲ್ಲ. ಹತ್ತನೇ ಇಯತ್ತೆ ಪಾಸಾದ ದಿನವೂ ನಾನು ಇಷ್ಟು ಹಿಗ್ಗಿರಲಿಲ್ಲ.

ಈ ಹುಚ್ಚು ಹತ್ತಿಸಿದವನು ಸವಣೂರಿನ ದಸ್ತಗೀರ, ವೀಳ್ಯದೆಲೆ ವ್ಯಾಪಾರದಲ್ಲಿ ನನಗೆ ಮೂವತ್ತು ವರ್ಷದ ಗೆಳೆಯ. ಅವನ ಅಳಿಯ ದುಬೈನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾನೆ. ರಜೆಗೆ ಬಂದವನು ಥಾಯ್ಲೆಂಡಿನ ಸೀಗಡಿ ಸಾರು ಮಾಡಿ ಬಡಿಸಿದ. ತೆಂಗಿನಹಾಲು, ಕೆಂಪು ಖಾರ, ಹುಳಿ, ಬೆಲ್ಲ ಎಲ್ಲ ಒಂದೇ ತುತ್ತಿನಲ್ಲಿ! ಮೂರು ಸಲ ಅನ್ನ ಹಾಕಿಸಿಕೊಂಡೆ.

"ಮನ್ಯಾಗ ಮೀನ ಹಿತ್ತಲಕ್ಕ ದಬ್ಬತಿ, ಇಲ್ಲಿ ಬಂದು ಬಟ್ಟಲಾ ನೆಕ್ಕತಿ. ನಾಚಿಕಿ ಬರೂದಿಲ್ಲೇನಲೇ ನಿನಗ?" ಎಂದ ದಸ್ತಗೀರ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ನಗು ಬರಲಿಲ್ಲ.

ವಿಷಯ ಇಷ್ಟು. ನನ್ನ ಸೊಸೆ ಶೈಲಾ ಕುಮಟೆ ಕಡೆಯವಳು. ಮೀನಿಲ್ಲದ ವಾರ ಅವಳ ಲೆಕ್ಕದಲ್ಲಿ ವಾರವೇ ಅಲ್ಲ. ನಮ್ಮ ಓಣಿಯಲ್ಲಾದರೋ ಮೀನು ತಿನ್ನುವ ಮನೆಗಳಲ್ಲೂ ಅದು ಒಳಗಿನ ಒಲೆ ಏರುವುದಿಲ್ಲ. ಅದಕ್ಕೆ ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಗಡಿಗೆ. ಮದುವೆಯಾದ ಹೊಸದರಲ್ಲಿ ಅವಳು ಬಂಗಡೆ ಹಿಡಿದು ಅಡುಗೆಮನೆಗೆ ಹೊರಟಾಗ ನಾನು ತಡೆದೆ. ನೆರೆಯವರ ಅಂಜಿಕೆ ನನ್ನದು. ಆದರೆ ಹೊಸ ಸೊಸೆಯ ಮುಂದೆ ಕೆಟ್ಟವನಾಗಲು ಮನಸ್ಸಾಗಲಿಲ್ಲ.

"ನಿಮ್ಮತ್ತಿಗೆ ವಾಸನಿ ತಡಿಯೂದಿಲ್ಲವಾ. ಹಿತ್ತಲದಾಗ ಮಾಡ," ಅಂದುಬಿಟ್ಟೆ.

ನನ್ನ ಹೆಂಡತಿ ಗಿರಿಜೆಗೆ ಯಾವ ವಾಸನೆಯ ತಕರಾರೂ ಇರಲಿಲ್ಲ. ನಾನು ಅವಳ ಹೆಸರು ಹೇಳಿದ್ದೂ ಅವಳಿಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಶೈಲಾ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಹೊಗೆ ಕುಡಿದಳು, ಅತ್ತೆಯ ಮೇಲಿನ ಸಿಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು. "ಶೈಲಾ ನನ್ನ ಕೂಡ ಬಾಯಿಬಿಟ್ಟು ಮಾತಾಡೂದ ಇಲ್ಲಲ್ರಿ. ನಾ ಏನ್ ತಪ್ಪ ಮಾಡೇನಿ?" ಎಂದು ಗಿರಿಜೆ ಒಮ್ಮೆ ಕೇಳಿದ್ದಳು. ನಾನು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದೆ. ಹೋದ ವರ್ಷ ಅವಳು ತೀರಿಕೊಂಡಳು. ನನ್ನ ಸುಳ್ಳು ಮಾತ್ರ ಹಾಗೇ ಉಳಿಯಿತು.

ಅದಕ್ಕೇ ಈ ಸಾಹಸ. ನಿನ್ನೆ ಶಿಗ್ಗಾಂವಿಗೆ ಹೋಗಿ ಐಸಿನಲ್ಲಿ ಹುಗಿದ ಸೀಗಡಿ ತಂದೆ. ಬಸ್ಸಿನಲ್ಲಿ ಚೀಲ ತೊಟ್ಟಿಕ್ಕಿ ಪಕ್ಕದವರ ಚಪ್ಪಲಿ ತೋಯಿಸಿತು. ಮನೆಯಲ್ಲಿ ಶೈಲಾಳ ಕಣ್ಣಿಗೆ ಬೀಳದಂತೆ ಐಸಿನ ಸಮೇತ ಎಲೆಬುಟ್ಟಿಯಲ್ಲಿ ಬಚ್ಚಿಟ್ಟೆ. ಇವತ್ತು ಮಗ ಕೆಲಸಕ್ಕೂ ಶೈಲಾ ಮಾಸೂರಿಗೆ ಗೆಳತಿಯ ಮನೆಗೂ ಹೋದದ್ದೇ ತಡ, ದಸ್ತಗೀರನ ಅಳಿಯ ಕೊಟ್ಟ ಕೆಂಪು ಮಸಾಲೆಯ ಡಬ್ಬಿ ಒಡೆದೆ. ಗಟ್ಟಿ ತೆಂಗಿನಹಾಲನ್ನು ಎಣ್ಣೆ ಬಿಡುವತನಕ ಕಾಯಿಸಿ ಅದರಲ್ಲಿ ಮಸಾಲೆ ಹುರಿದೆ. ಏನು ಬಣ್ಣ, ಏನು ಘಮ! ಕುಣಿಯಬೇಕೆನಿಸಿತು, ಮೊಣಕಾಲು ಒಪ್ಪಲಿಲ್ಲ. ಅವನೇ ಕೊಟ್ಟ, ಉಪ್ಪಿನಲ್ಲಿ ಕೊಳೆಸಿದ ಮೀನಿನ ರಸದ ಬಾಟಲಿ ತೆರೆದಾಗ ಮಾತ್ರ ನಾತಕ್ಕೆ ಎರಡು ಹೆಜ್ಜೆ ಹಿಂದೆ ಸರಿದೆ. ಸಾರು ಯಾಕೋ ತೆಳುವಾಗಿ ಕಂಡಿತು. ನಮ್ಮ ಕಡೆಯ ಕೈ ಸುಮ್ಮನಿರುತ್ತದೆಯೇ? ಎರಡು ಮುಷ್ಟಿ ಶೇಂಗಾ ಪುಡಿ ಸುರಿದೆ. ಸೀಗಡಿಯನ್ನು ಬದನೆಕಾಯಿ ಬೇಯುವಷ್ಟು ಹೊತ್ತು ಕುದಿಸಿದೆ.

ಶೈಲಾ ಬಂದು ಬಾಗಿಲಲ್ಲೇ ನಿಂತಳು. ಹದಿನಾಲ್ಕು ವರ್ಷದಲ್ಲಿ ನಮ್ಮ ಸೀಮೆಯ ಮಾತೇ ಅವಳ ಮಾತಾಗಿದೆ.

"ಮಾವಾರ! ಒಳಗಿನ ಒಲಿ ಮ್ಯಾಲ ಏನ್ ಮಾಡಾಕತ್ತೀರಿ?"

"ಸೀಗಡಿ."

"ಪಡಸಾಲ್ಯಾಗ ಅತ್ತಿ ಫೋಟೋ ಐತಿ. ಅವರಿಗೆ ವಾಸನಿ ಬಡಿಯೂದಿಲ್ಲೇನ್ರಿ?"

"ಅಕಿ ಎಂದೂ ಬ್ಯಾಡ ಅಂದಿಲ್ಲವಾ. ಅದು ನಂದ ಮಾತು. ಅಕಿ ಹೆಸರು ಹೇಳಿದ್ದೆ. ಇಲ್ಲಿ ಮೂಗು ಮುಚ್ಚಿಕೊಂಡು, ಸವಣೂರಾಗ ದಸ್ತಗೀರನ ಮನ್ಯಾಗ ತಿಂತಿದ್ದೆ."

ಅವಳು ಗ್ಯಾಸ್ ಆರಿಸಿದಳು.

"ಕಡೀ ದಿವಸ ಅತ್ತಿ ನನ್ನ ಕೈ ಹಿಡಕೊಂಡಿದ್ರು," ಅಂದಳು. "ನಾ ಬಿಡಿಸಿಕೊಂಡಿದ್ದೆ, ಮಾವಾರ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಸೀಗಡಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಅಗಿಯುತ್ತಲೇ ಇದ್ದಳು.

"ರಬ್ಬರ್ ಕುದಿಸೀರೇನ್ರಿ? ಮತ್ತ ಇದಕ್ಯಾಕ ಶೇಂಗಾ?"

ಆಮೇಲೆ ತಾಟಿಗೆ ಅನ್ನ, ಸಾರು ಹಾಕಿ ನನ್ನ ಕೈಗೆ ಕೊಟ್ಟಳು. "ಹಿತ್ತಲಕ್ಕ ನಡೀರಿ. ಇವತ್ತ ಅಲ್ಲೇ ಕುಂತು ಉಣ್ರಿ."

ನಡೆದೆ. ಮಟಮಟ ಮಧ್ಯಾಹ್ನ. ತಗಡಿನ ಕೆಳಗೆ ಇಷ್ಟು ಧಗೆ ಇರುತ್ತದೆಂದು ಇಷ್ಟು ವರ್ಷ ಈ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಬೆವರು ತಾಟಿಗೆ ಬೀಳದಂತೆ ಹಿಂದೆ ಸರಿದು ಕೂತು ತಿಂದೆ. ಶೇಂಗಾ ಬಿದ್ದರೂ ಸಾರು ಚೆನ್ನಾಗಿತ್ತು, ನಂಬಿ.

ಪಡಸಾಲೆಯಲ್ಲಿ ಇನ್ನೊಂದು ತಾಟು ಇಟ್ಟ ಸದ್ದಾಯಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಶೈಲಾಳ ದನಿ ಓಣಿಗೆಲ್ಲ ಕೇಳುವಂತೆ ಏರಿತು:

"ನೋಡ್ರಿ ಅತ್ತೀ, ನಿಮ್ಮ ಯಜಮಾನರ ಕೆಲಸಾ..."

ಬೈಗುಳ ಮುಗಿಯಲೇ ಇಲ್ಲ. ನಡುನಡುವೆ ಅಳು, ನಡುನಡುವೆ ನಗು. ಸೀಗಡಿ ಅಗಿಯುವುದನ್ನು ನಿಲ್ಲಿಸಿ ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ಅವಳು ಅತ್ತೆಯ ಕೂಡ ಬಾಯಿಬಿಟ್ಟು ಮಾತಾಡುತ್ತಿದ್ದಳು.